ಚಿಗವ್ವನ ಹೆಬ್ಬೆರಳು

ನಮ್ಮ ಚಿಗವ್ವ ಬಸ್ಸಿನಲ್ಲಿ ಕೂತಿದ್ದನ್ನು ನೋಡಿದವರು ಈ ಜಿಲ್ಲೆಯಲ್ಲೇ ಇಲ್ಲ! ಅವ್ವನ ತಂಗಿಯಾದ ಆಕೆ ಶಹಾಪುರ–ಸುರಪುರ ಬಸ್ಸಿನ ಕಂಡಕ್ಟರ್. ತನ್ನ ಸೀಟಿಗೆ ಯಾರಾದರೂ ಬಸುರಿಯನ್ನೋ ಮುದುಕಿಯನ್ನೋ ಕೂರಿಸಿ, ತಾನು ನಿಂತೇ ಎಲ್ಲರನ್ನೂ ಬೈಯುತ್ತಿರುತ್ತಾಳೆ.

ಅಂಥವಳ ಬಲಗಾಲಿನ ಹೆಬ್ಬೆರಳಿನ ಕೀಲು ಹಠ ಹಿಡಿಯಿತು. ಬೆರಳು ಮಡಚಿದರೆ ಜೀವ ಹೋಗುವಷ್ಟು ನೋವು. ಮನೆಯಲ್ಲಿ ಕುಂಟುತ್ತಾಳೆ, ಡಿಪೋ ಗೇಟಿನಲ್ಲಿ ಮಾತ್ರ ಸಿಪಾಯಿ ನಡಿಗೆ!

"ಕುಂಟೋದು ಕಂಡ್ರ ಬಸ್ ಬಿಡಿಸಿ ಆಫೀಸಿನಾಗ ಕೂಡಿಸ್ತಾರ. ನಾ ಅಲ್ಲೇ ಸಾಯ್ತೇನಿ," ಎಂದಳು. ಅವಳು ನಗುತ್ತಿರಲಿಲ್ಲ.

ಯಾದಗಿರಿಯ ಡಾಕ್ಟರ ಬಳಿಗೆ ಎಳೆದೊಯ್ದೆ. ಅವರು ಪಾದದ ಅಚ್ಚು ತೆಗೆದು, ಬೂಟಿನೊಳಗೆ ಇಡುವ ಗಟ್ಟಿ ಹಾಳೆಯೊಂದನ್ನು ಮಾಡಿಸಿಕೊಟ್ಟರು. ಹೆಬ್ಬೆರಳಿನ ಕೆಳಗೆ ಅದು ಬಾಗುವುದಿಲ್ಲ, ಹಾಗಾಗಿ ಕೀಲಿಗೂ ಆರಾಮ.

"ಮೊದಲ್ನೇ ದಿನ ಒಂದೇ ತಾಸು ಹಾಕ್ಕೋರಿ."

"ಹತ್ತು ತಾಸು ಹಾಕ್ಕೊಂಡ್ರ ಹತ್ತು ದಿನದ್ದು ಒಂದೇ ದಿನದಾಗ ಮುಗೀತದಲ್ರಿ?"

ಹಾಗೆಯೇ ಮಾಡಿದಳು! ಸಂಜೆಗೆ ಹೆಬ್ಬೆರಳು ತಣ್ಣಗಿತ್ತು; ಅಂಗಾಲಿನಲ್ಲಿ ಮಾತ್ರ ನಿಂಬೆಹಣ್ಣಿನಷ್ಟು ಗುಳ್ಳೆ.

ಅಷ್ಟರಲ್ಲಿ ಯಾರೋ ಚಾಡಿ ಹೇಳಿದ್ದರು. ಹದಿನೈದು ದಿನ ಬಿಟ್ಟು ವೈದ್ಯಕೀಯ ತಪಾಸಣೆ ಎಂದು ಡಿಪೋದಿಂದ ಕಾಗದ ಬಂತು. ಅಂದಿನಿಂದ ಚಿಗವ್ವ ಬೈಯುವುದನ್ನೇ ನಿಲ್ಲಿಸಿದಳು! ಮನೆಯಲ್ಲಿ ಎಲ್ಲರಿಗೂ ದಿಗಿಲು. ರಜೆ ಹಾಕಿ, ಗುಳ್ಳೆ ಮಾಯುವವರೆಗೆ ಕಾದು, ಒಂದು ತಾಸು, ಎರಡು ತಾಸು ಎಂದು ಅಂಗಳದಲ್ಲಿ ನಡೆದಳು. ಹೊಲದ ಕೂಲಿಯಿಂದ ಬಂದ ಅವ್ವ ಪಕ್ಕದಲ್ಲೇ ನಡೆಯುತ್ತಿದ್ದಳು.

ತಪಾಸಣೆಯ ದಿನ ಬಸ್ಸಿನ ಮೆಟ್ಟಿಲು ಹತ್ತಿ ಇಳಿಯಲು ಹೇಳಿದರು. ಒಂದು ಸಲ, ಎರಡು ಸಲ, ಹತ್ತು ಸಲ. ದೂರ ನಿಂತ ನಾನು ಒಂದೊಂದನ್ನೂ ಎಣಿಸುತ್ತಿದ್ದೆ.

"ಬ್ಯಾನಿ ಆಗ್ತದೇನವ್ವ?" ಎಂದರು ತಪಾಸಣೆಯ ಡಾಕ್ಟರು.

"ಆಗ್ತದ್ರಿ. ಮೊದಲಿನಂಗಿಲ್ಲ. ಈ ಹಾಳಿ ಇದ್ರ ದಿನಾ ನಿಲ್ತೇನಿ."

ಒಂದು ಸುಳ್ಳು ಹೇಳಿದ್ದರೆ ಆಗುತ್ತಿರಲಿಲ್ಲವೇ, ಪುಣ್ಯಾತ್ಗಿತ್ತಿ! ಅವರು ಬೂಟು ತೆಗೆಸಿ, ಹಾಳೆಯನ್ನು ತಿರುವಿ ನೋಡಿ, ಸಹಿ ಹಾಕಿದರು. ಬಸ್ಸು ಉಳಿಯಿತು!

ಮನೆಗೆ ಬಂದವಳು ಕುಣಿಯುತ್ತಾಳೆ ಅಂದುಕೊಂಡಿದ್ದೆ. ಆಕೆ ಅವ್ವನ ಬರಿಗಾಲನ್ನೇ ನೋಡುತ್ತ ನಿಂತಳು. ಅಲ್ಲೂ ಅದೇ ಊದಿದ ಕೀಲು! ಅವ್ವ ಸೀರೆಯಂಚನ್ನು ಕೆಳಗೆ ಎಳೆದುಕೊಂಡಳು.

"ಯಾವಾಗಿಂದ ಅಕ್ಕಾ?"

"ಬಿಡವ್ವ. ಕೆಸರಿನಾಗ ನಾಟಿ ಹಚ್ಚೋರಿಗೆ ಯಾವ ಬೂಟು?"

"ಬಾಯಿ ಮುಚ್ಚು! ನಾಳಿ ಮೊದಲ್ನೇ ಬಸ್ಸಿಗಿ ಯಾದಗಿರಿಗಿ ನಡಿ."

ಬೈಯುತ್ತಲೇ ಇದ್ದಳು ಚಿಗವ್ವ, ಅಕ್ಕನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.