ಗೋಡೆಯ ಮೇಲಿನ ಫಾರ್ಮಸಿಸ್ಟ್

ಬದುಕಿರುವಾಗಲೇ ದಿನಾ ಊದುಬತ್ತಿ ಬೆಳಗಿಸಿಕೊಳ್ಳುವ ಯೋಗ ಎಲ್ಲರಿಗೂ ಬರುವುದಿಲ್ಲ. ನನಗೆ ಬಂದಿತ್ತು, ಅದೂ ನನಗೇ ಗೊತ್ತಿಲ್ಲದೆ. ಡಿ.ಫಾರ್ಮಾ ಓದಿ ನೋಂದಣಿ ಮಾಡಿಸಿಕೊಂಡವಳು ನಾನು. ಮಾಯಸಂದ್ರದಲ್ಲಿ ಔಷಧಿ ಅಂಗಡಿ ನಡೆಸುವವರು ನನ್ನ ಗಂಡನ ಅಣ್ಣ. ಫಾರ್ಮಸಿಸ್ಟ್ ಎದುರಿಗಿಲ್ಲದೆ ಮಾತ್ರೆ ಮಾರಬಾರದು ಎನ್ನುತ್ತದೆ ಕಾನೂನು. ಭಾವ ನನ್ನ ಫೋಟೋ ಇರುವ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರು. ಅದು ಕೆಲಸಕ್ಕೆ ಹೋಯಿತು. ನಾನು ತಿಪಟೂರಿನ ಮನೆಯಲ್ಲಿ ಅಟ್ಟದ ಕೊಬ್ಬರಿ ಕಾಯುತ್ತಾ ಉಳಿದೆ. ನಮ್ಮ ಮನೆಯಲ್ಲಿ ಇದನ್ನು ತಪ್ಪು ಎನ್ನುತ್ತಿರಲಿಲ್ಲ, ಹೊಂದಾಣಿಕೆ ಎನ್ನುತ್ತಿದ್ದರು.

ಒಂದು ಬೆಳಗ್ಗೆ, ಹೀಗೇ ಹೆಸರು ಕೊಟ್ಟು ಮನೆಯಲ್ಲಿದ್ದ ಒಬ್ಬರ ನೋಂದಣಿಯೇ ರದ್ದಾದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆ. ಹೆದರಿಕೆಯಾಯಿತು, ಹಿಂದೆಯೇ ಸಿಟ್ಟೂ ಬಂತು. ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಆ ಓದೊಂದೇ. ತುರುವೇಕೆರೆಯಲ್ಲಿ ಬಸ್ಸು ಬದಲಿಸಿ ಅಂಗಡಿಗೆ ಹೋದರೆ, ಲಕ್ಷ್ಮಿಯ ಪಟದ ಪಕ್ಕದಲ್ಲೇ ನಾನು. ಭಾವ ಪಂಕ್ತಿಭೇದ ಮಾಡುವವರಲ್ಲ. ಅವಳಿಗೊಂದು ಸೇವಂತಿಗೆ ಹಾರ, ನನಗೊಂದು. ಮಾತ್ರೆಗೆ ಬಂದಿದ್ದ ನಂಜಮ್ಮಜ್ಜಿ ಎರಡಕ್ಕೂ ಕೈಮುಗಿದು, ಪಕ್ಕದಲ್ಲಿ ನಿಂತಿದ್ದ ನನಗೇ ಹೇಳಿತು: "ಪಾಪ, ಈ ವಯಸ್ಗೇ ಹೋಗ್ಬುಟ್ಟೈತೆ ಕಣವ್ವ ಹುಡ್ಗಿ." ಅಜ್ಜಿಯದು ತಪ್ಪಲ್ಲ. ಫೋಟೋದ ಕಾಲದಲ್ಲಿ ನಾನು ತೆಂಗಿನ ಗರಿಯ ಕಡ್ಡಿಯಷ್ಟು ತೆಳ್ಳಗಿದ್ದೆ.

ಸತ್ತವಳಿಗೆ ಇನ್ನೆಂಥ ಸಂಕೋಚ? ಅಂಗಡಿ ತೆರೆದಿರುವಷ್ಟು ಹೊತ್ತೂ ಇನ್ನು ನಾನೇ ಕೂರುತ್ತೇನೆ, ಒಪ್ಪದಿದ್ದರೆ ಈಗಲೇ ಪಟ ಇಳಿಸಿಕೊಡಿ ಎಂದೆ. ಪಟ ಇಳಿದರೆ ಅಂಗಡಿಯ ಬಾಗಿಲೂ ಇಳಿಯುತ್ತದೆಂದು ಭಾವನಿಗೆ ಗೊತ್ತು. ಹಾಗಾದರೆ ಮನೆಯಲ್ಲಿ ಕಾಯಿ ಸುಲಿಸುವವರು ಯಾರು ಎಂದು ಗೊಣಗಿದರು.

"ಕಾಯಿ ಸುಲ್ಸಕ್ಕೆ ಯಾರ ಸರ್ಟಿಫಿಕೇಟೂ ಬೇಡ ಭಾವ, ಇಲ್ಲಿಗೆ ಬೇಕು," ಎಂದೆ. ಹಾರವನ್ನು ನಾನೇ ಕೈಯಾರೆ ತೆಗೆದೆ.

ಈಗ ದಿನಾ ಬಸ್ಸು ಹಿಡಿದು ಬಂದು ನನ್ನ ಪಟದ ಕೆಳಗೇ ಕೂರುತ್ತೇನೆ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ್ದನ್ನು ಯಾರು ಕೇಳಿದರೂ ಕೊಡುವುದಿಲ್ಲ. ಊರು ನನ್ನನ್ನು ಹೊಗಳೀತು ಎಂಬ ಆಸೆ ಒಳಗೊಳಗೇ ಇತ್ತು. ಮೊನ್ನೆ ನಂಜಮ್ಮಜ್ಜಿ ಬಂದು ಎಂದಿನಂತೆ ನಿದ್ದೆ ಮಾತ್ರೆ ಕೇಳಿತು. ಚೀಟಿ ತೆಗೆದುಕೊಂಡು ಬನ್ನಿ ಎಂದೆ. ಅಜ್ಜಿ ಪಟವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಕೊನೆಗೂ ಗುರುತು ಹಿಡಿಯಿತು.

"ಸತ್ತಿದ್ದಾಗ್ಲೇ ವಾಸಿ ಇದ್ದೆ ಕಣವ್ವ ನೀನು. ಏನ್ ಕೇಳಿದ್ರೂ ಕೊಡ್ತಿದ್ದೆ."