ಗಬ್ಬೂರಿಗೆಲ್ಲ ಒಂದೇ ಪಾಸ್‌ವರ್ಡ್

ಶಾಲೆಯ ಕಂಪ್ಯೂಟರಿನ ಬ್ರೌಸರು ತಾನಾಗಿಯೇ ಅಪ್‌ಡೇಟ್ ಆದ ದಿನ ಅಂಬರೇಶ ಮಾಸ್ತರರ ನೆಮ್ಮದಿ ಕೆಟ್ಟಿತು. ವರ್ಗಾವಣೆಯ ವೆಬ್‌ಸೈಟಿನಲ್ಲಿ ಪಾಸ್‌ವರ್ಡ್ ಒತ್ತಿದ್ದೇ ತಡ, ಹಿಂದೆಂದೂ ಕಾಣದ ಎಚ್ಚರಿಕೆಯೊಂದು ಮೂಡಿತು: 'ನಿಮ್ಮ ಪಾಸ್‌ವರ್ಡ್ ಬೇರೆಯವರಿಗೆ ಸಿಕ್ಕಿದೆ. ಕೂಡಲೇ ಬದಲಿಸಿ.'

ಮಾಸ್ತರರು ಪಕ್ಕದ ಕುರ್ಚಿಯತ್ತ ತಿರುಗಿ ನೋಡಿದರು. ಹೆಂಡತಿ ಸವಿತಾ ರಾಯಚೂರಿನಲ್ಲಿ ನರ್ಸು. ಅವಳದು ರಾತ್ರಿ ಪಾಳಿ, ಇವರದು ಗಬ್ಬೂರಿನಲ್ಲಿ ಹಗಲು ಶಾಲೆ. ನಡುವೆ ಬಸ್ಸಿನ ಓಡಾಟ ಬೇರೆ; ಒಬ್ಬರು ಮನೆಗೆ ಬರುವಾಗ ಇನ್ನೊಬ್ಬರು ಹೊರಟಿರುತ್ತಿದ್ದರು. ಈ ಸಲ ರಾಯಚೂರಿನಲ್ಲಿ ಒಂದೇ ಒಂದು ಜಾಗ ಖಾಲಿಯಿತ್ತು, ಆರಿಸಿಕೊಳ್ಳಲು ಅಂದು ಸಂಜೆ ಐದು ಗಂಟೆಯೇ ಗಡುವು. ಅಡ್ಡ ಬರಬಲ್ಲವರು ಪಕ್ಕದ ಕುರ್ಚಿಯ ತಿರುಪತಿ ಮಾಸ್ತರು ಮಾತ್ರ. ಸೇವೆಯಲ್ಲಿ ಹಿರಿಯರಾದ ಅವರು ಕೇಳಿದರೆ ಜಾಗ ಅವರದೇ. ವಿಚಾರಿಸಿದಾಗಲೆಲ್ಲ "ನೋಡೂಣ್ರಿ" ಎನ್ನುತ್ತಿದ್ದರು.

"ನನ್ನ ಪಾಸ್‌ವರ್ಡ್ ನಿಮಗ ಹೆಂಗ ಸಿಕ್ತು, ಸರ್?"

ತಿರುಪತಿ ಚಹಾದ ಲೋಟ ಕೆಳಗಿಟ್ಟರು. "ಅದನ್ನ ತಗೊಂಡು ನಾನೇನು ಉಪ್ಪಿನಕಾಯಿ ಹಾಕ್ಲೇನ್ರಿ?"

"ದಿನಾ ನನ್ನ ಬೆನ್ನ ಹಿಂದ ನಿಂತು ಚಹಾ ಕುಡಿತೀರಲ್ಲ, ಅದಕ್ಕ ಕೇಳಾಕತ್ತೀನಿ."

"ಫ್ಯಾನು ಅಲ್ಲೇ ಅದ, ನಿಂದ್ರತೀನಿ," ಎಂದು ತಿರುಪತಿ ಮುಖ ಗಂಟಿಕ್ಕಿಕೊಂಡು ತರಗತಿಗೆ ಹೋದರು.

ಬಿಸಿಯೂಟದ ಯಮನಮ್ಮ ಬಾಗಿಲಲ್ಲೇ ನಿಂತಿದ್ದಳು. "ಅವರಿಗ್ಯಾಕ ಅಂತೀರಿ ಮಾಸ್ತರ? ನಿಮ್ಮ ಪಾಸ್‌ವರ್ಡ್ ನನಗೂ ಗೊತ್ತದ. ಗಬ್ಬೂರು, ಅಟ್, ಒಂದು ಎರಡು ಮೂರು. ನನ್ನ ಪಿಂಚಣಿದೂ ಹಂಗ ಅದ."

ಮಾಸ್ತರರು ಬಸ್ ಸ್ಟ್ಯಾಂಡಿನ ಪಕ್ಕದ ದಸ್ತಗೀರ್ ಸಾಬರ ಆನ್‌ಲೈನ್ ಅಂಗಡಿಗೆ ಓಡಿದರು. ಊರವರ ಖಾತೆಗಳನ್ನೆಲ್ಲ ತೆರೆದುಕೊಟ್ಟವರು ಅವರೇ. ಮಾನ್ವಿಯಲ್ಲಿ ತಂಗಿಯ ಮಗನ ಮದುವೆಯೆಂದು ಸಾಬರು ಅತ್ತರು ಹಚ್ಚಿಕೊಂಡು ಶಟರ್ ಎಳೆಯುತ್ತಿದ್ದರು.

"ಎಲ್ಲಾರದೂ ಒಂದೇ ಇಟ್ಟೀನ್ರಿ ಸರ್. ಬ್ಯಾರೆ ಬ್ಯಾರೆ ಇಟ್ರ ಮರೀತಾರ, ಆಮ್ಯಾಲ ನನ್ನ ತಲಿ ತಿಂತಾರ. ಮರತು ಹೊಸಾದು ಮಾಡಬೇಕಂದ್ರ ಒಟಿಪಿ ಸುದ್ದಾ ನನ್ನ ನಂಬರಿಗೇ ಬರ್ತದ, ನಿಮಗ ತಕಲೀಫ್ ಇಲ್ಲ."

"ತಿರುಪತಿ ಸರ್‌ದೂ?"

"ಅವರೇನು ಸುಲ್ತಾನರೇನ್ರಿ? ಅವರದೂ ಅಷ್ಟ."

ಶಾಲೆಗೆ ಮರಳಿದ ಮಾಸ್ತರರು ಮೊದಲು ತಮ್ಮ ಪಾಸ್‌ವರ್ಡ್ ಬದಲಿಸಿ ರಾಯಚೂರು ಆರಿಸಿದರು. 'ಇದನ್ನು ನೆನಪಿಟ್ಟುಕೊಳ್ಳಲೇ?' ಎಂದು ಬ್ರೌಸರು ಕೇಳಿತು. ನೆನಪಿಟ್ಟುಕೊಂಡು ಇದು ಯಾರಿಗೆ ಹೇಳುತ್ತದೋ ಎಂದು 'ಬೇಡ' ಒತ್ತಿದರು.

ಆಮೇಲೆ ಇನ್ನೊಂದು ಯೋಚನೆ ಬಂತು. ತಮ್ಮದು ತಿರುಪತಿಗೆ ಗೊತ್ತಿದ್ದರೆ, ತಿರುಪತಿಯದು ತಮಗೂ ಗೊತ್ತಲ್ಲವೇ? ಒಳಗೇ ಹೋಗಲಾಗದವರು ರಾಯಚೂರನ್ನು ಆರಿಸುವುದು ಹೇಗೆ? ಅವರ ನೌಕರಿ ಸಂಖ್ಯೆ ಹಾಕಿ ಊರಿಗೆಲ್ಲ ಗೊತ್ತಿದ್ದ ಪಾಸ್‌ವರ್ಡ್ ಒತ್ತಿದರು. ಖಾತೆ ತೆರೆಯಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಒಳಗೇನಿದೆ ಎಂದು ನೋಡಲೂ ಧೈರ್ಯವಾಗಲಿಲ್ಲ. ಅಕ್ಷರ, ಅಂಕಿ, ಚುಕ್ಕಿಗಳನ್ನು ಚಿತ್ರಾನ್ನದಂತೆ ಕಲಸಿ ಬ್ರೌಸರು ತಾನೇ ಸೂಚಿಸಿದ ಹೊಸ ಪಾಸ್‌ವರ್ಡನ್ನು ಒಪ್ಪಿಕೊಂಡರು. ಕುರುಹು ಉಳಿಯಬಾರದೆಂದು ಅದನ್ನು ಬ್ರೌಸರಿನ ನೆನಪಿನಿಂದಲೂ ಅಳಿಸಿದರು.

ಕೊನೆಯ ಗಂಟೆ ಹೊಡೆದ ಮೇಲೆ ತಿರುಪತಿ ಬೆವರೊರೆಸಿಕೊಳ್ಳುತ್ತ ಬಂದು ಕುಳಿತರು.

"ಮುಂಜಾನೆ ನಿಮ್ಮ ಮ್ಯಾಲ ಸಿಟ್ಟು ಬಂದಿತ್ತು, ಸರ್. ಆದ್ರ ಯಮನಮ್ಮ ನಿಮ್ಮ ಮನಿ ತಾಪತ್ರಯ ಹೇಳಿದ್ಲು. ನಾನು ಒಬ್ಬಂಟಿ, ಎಲ್ಲಿದ್ರೇನು? ನಿನ್ನೆನ ರಾಯಚೂರು ಒತ್ತಿಬಿಟ್ಟಿದ್ದೆ. ಅದನ್ನ ತಗದು ನಿಮಗ ಬಿಟ್ಟುಕೊಡೂಣಂತ ಆಗಿನಿಂದ ಮೊಬೈಲಿನ್ಯಾಗ ಬಡದಾಡಾಕತ್ತೀನಿ, ಪಾಸ್‌ವರ್ಡ್ ತಪ್ಪು ಅಂತದ. ಹೊಸಾದು ಮಾಡೂಣಂದ್ರ ಒಟಿಪಿ ಹೋಗೂದು ದಸ್ತಗೀರ್ ಸಾಬ್ರ ನಂಬರಿಗೆ, ಅವರು ಫೋನ್ ಎತ್ತವಲ್ರು."

ಅಂಬರೇಶ ಮಾಸ್ತರರು ತಮ್ಮ ಮೊಬೈಲು ಹೊರತೆಗೆದರು. ನಿಜ ಹೇಳಿದರೆ ನೌಕರಿಗೇ ಕುತ್ತು. ಹೇಳಿದರೂ ಆ ಚಿತ್ರಾನ್ನದ ಒಂದು ಅಗುಳೂ ನೆನಪಿರಲಿಲ್ಲ. ತಾವೂ ಸಾಬರಿಗೆ ಮೇಲಿಂದ ಮೇಲೆ ಫೋನ್ ಹಚ್ಚಿದರು. ಮದುವೆಯ ಬ್ಯಾಂಡಿನ ಗದ್ದಲದಲ್ಲಿ ಸಾಬರಿಗೆ ಕೇಳಿಸಲಿಲ್ಲ. ಐದಾಯಿತು, ವೆಬ್‌ಸೈಟು ಮುಚ್ಚಿತು.

ತಿರುಪತಿ ನಿಟ್ಟುಸಿರುಬಿಟ್ಟರು. "ಏನ್ ಮಾಡೂದ್ರಿ, ಈಗ ನಾನ ಹೋಗಬೇಕಾತು. ನಿಮ್ಮ ಮನಿಯವರಿಗೆ ಹೇಳಿ ಅಲ್ಲಿ ನನಗೊಂದು ಬಾಡಿಗಿ ಮನಿ ನೋಡಸ್ರಿ."

"ಹೇಳ್ತೀನ್ರಿ," ಎಂದು ಅಂಬರೇಶ ಮಾಸ್ತರರು ಹೆಂಡತಿಗೆ ಫೋನ್ ಹಚ್ಚಿದರು.