ಸೊಟ್ಟ ಬೆನ್ನು, ನೆಟ್ಟಗಿದ್ದ ನಾವು

ನಿಜಾಮರ ಲೆಕ್ಕದ ಫಸಲಿ ವರ್ಷ ೧೩೩೦, ಬಹಮನ್ ತಿಂಗಳ ಒಂಬತ್ತು. ಬೀದರದಲ್ಲಿ ಒಣ ಚಳಿ, ಆಕಾಶದಲ್ಲಿ ಮೋಡವಿಲ್ಲ.

ದವಾಖಾನೆಯ ಕೆಲಸದಲ್ಲಿ ನಗು ಬರುವ ಸಂಗತಿಗಳಿಗೆ ಕೊರತೆಯಿಲ್ಲ. ನಾನು ಅಲ್ಲಿನ ಮುನ್ಶಿ. ಡಾಕ್ಟರ್ ಸಾಹೇಬರಿಗೆ ಉರ್ದು ಬರುತ್ತದೆ, ಹಳ್ಳಿಯವರಿಗೆ ಕನ್ನಡ. ನಡುವೆ ಕೂತವನ ಎದುರು ದಿನಕ್ಕೊಂದಾದರೂ ಇಂಥದು ನಡೆಯುತ್ತದೆ. ಕೆಳಗಿನವೆಲ್ಲ ಒಬ್ಬಳೇ ಹುಡುಗಿಯವು. ಹೇಳಿದಾಗ ಜನ ನಗುತ್ತಾರೆ. ನಾನೂ ನಗುತ್ತೇನೆ, ತುಸು ತಡವಾಗಿ.

೧. ಬಾಗಿಲು

ಔರಾದ ಕಡೆಯ ಕುರಿಗಾರನೊಬ್ಬ ಮಗಳನ್ನು ಕರೆತಂದ. ಹದಿನಾಲ್ಕರ ಹುಡುಗಿ. ಬೆನ್ನೆಲುಬು ಒಂದು ಕಡೆಗೆ ಬಳುಕಿ, ಒಂದು ಭುಜ ಮೇಲೆ, ಒಂದು ಕೆಳಗೆ ಆಗಿತ್ತು. ವರ್ಷದಿಂದ ಬಿಡದ ನೋವು. ಅದು ಹೋಗುವವರೆಗೆ ಕುರಿಗಳ ಹಿಂದೆ ಹೋಗಕೂಡದೆಂದು ಅಪ್ಪ ಕಟ್ಟಪ್ಪಣೆ ಮಾಡಿದ್ದ. ಹುಡುಗಿಗೆ ಬೇಕಾಗಿದ್ದದ್ದು ಅದೊಂದೇ, ಮತ್ತೆ ಕುರಿಗಳ ಹಿಂದೆ ಹೋಗುವುದು.

ಸಾಹೇಬರು, "ಸೀಧಾ ಖಡೀ ರಹೋ" ಎಂದರು.

"ನೆಟ್ಟಗ ನಿಂದ್ರವ್ವ" ಎಂದೆ ನಾನು.

"ನೆಟ್ಟಗೇ ನಿಂತೀನ್ರಿ."

"ಎಲ್ಲಿ ನೆಟ್ಟಗ? ಆ ಬಾಗಿಲಾ ನೋಡು, ಹಂಗ ನಿಂದ್ರು."

ಅವಳು ನೋಡಿದಳು. "ಆ ಬಾಗಿಲಾನೇ ಸೊಟ್ಟ ಅದಲ್ರಿ."

ನಾನು ಉರ್ದುವಿನಲ್ಲಿ ಹೇಳಿದೆ. ಸಾಹೇಬರು ಎದ್ದುಹೋಗಿ ಬಾಗಿಲನ್ನು ಪರೀಕ್ಷಿಸಿದರು. ನಿಜ, ಚೌಕಟ್ಟು ವಾಲಿತ್ತು. ಕೂಡಲೇ ಬಡಗಿಯನ್ನು ಕರೆಸಿದರು. ಹುಡುಗಿಗೆ ಹಚ್ಚಲು ಎಣ್ಣೆ, ಮಲಗಲು ಹಲಗೆ ಎಂದು ಹೇಳಿ ಕಳಿಸಿದರು. ಆ ದಿನ ನಮ್ಮಲ್ಲಿ ನೆಟ್ಟಗಾದದ್ದು ಬಾಗಿಲೊಂದೇ.

೨. ಕಿವಿ

ಎಣ್ಣೆ ಮುಗಿಯಿತು, ನೋವು ಮುಗಿಯಲಿಲ್ಲ. ಅಪ್ಪ ಅವಳನ್ನು ಭಾಲ್ಕಿಯ ಎಲುಬು ಕೂಡಿಸುವವನ ಬಳಿ ಒಯ್ದ. ನಾವೂ ಆಗ ಮಕ್ಕಳಿಗೆ ಸಿಡುಬು ಬಾರದಂತೆ ದೇವಿ ಹಾಕಲು ಭಾಲ್ಕಿಗೆ ಬಂದಿದ್ದೆವು. ಸಾಹೇಬರಿಗೆ ಕುತೂಹಲ, ನೋಡಲು ಹೋದೆವು.

ಆತನ ಕ್ರಮ ಸರಳ. ಹಳೆಯ ನೋವನ್ನು ಹೊಸ ನೋವಿನಿಂದ ಓಡಿಸುವುದು. ಅದಕ್ಕಾಗಿ ಕಿವಿ ತಿರುಚುತ್ತಿದ್ದ.

"ಈಗ ಬೆನ್ನು ಹ್ಯಾಂಗದ, ತಂಗಿ?"

"ಬೆನ್ನು ಹಂಗೇ ಅದರಿ. ಕಿವಿ ಹೊಸದಾಗಿ ಸುರುವಾಗ್ಯದ."

ಇನ್ನೊಂದು ಕಿವಿಯನ್ನೂ ತಿರುಚಿದ. "ಈಗ?"

"ಈಗ ಮೂರಾದವು ನೋಡ್ರಿ."

"ಈ ಪೋರಿ ಸುಳ್ಳ ಹೇಳ್ತಾಳ" ಎಂದು ಆತ ಸಿಟ್ಟಿನಿಂದ ಅಪ್ಪನ ಕಿವಿಗೇ ಕೈ ಹಾಕಿದ. ಅಪ್ಪನಿಗೆ ಆಗ ಹಲ್ಲುನೋವಿತ್ತು. ಚೀರಿಕೊಂಡವನು ಥಟ್ಟನೆ ಕಣ್ಣರಳಿಸಿ, "ಯಪ್ಪಾ, ಹಲ್ಲಿನ ಬ್ಯಾನಿ ನಿಂತದಲ್ಲೋ!" ಎಂದ.

ಹೊರಗೆ ಬಂದ ಮೇಲೆ ಸಾಹೇಬರು ವಿವರಿಸಿದರು. ಮೈಯೊಳಗೆ ಕಚೇರಿಯ ಚಪರಾಸಿಯಂಥವನೊಬ್ಬ ಇರುತ್ತಾನೆ. ಹೊಸ ನೋವು ಬಂದರೆ ಹಳೆಯದಕ್ಕೆ 'ಹೊರಗೆ ಕೂಡು' ಎನ್ನುತ್ತಾನೆ. ಈ ಹುಡುಗಿಯ ಚಪರಾಸಿ ವರ್ಷವಿಡೀ ಬಾಗಿಲು ಕಾದು ದಣಿದಿದ್ದಾನೆ. ಬಂದವರನ್ನೆಲ್ಲ ಒಳಗೆ ಬಿಡುತ್ತಾನೆ. ಅವಳು ಹೇಳುತ್ತಿರುವುದು ಸುಳ್ಳಲ್ಲ.

ಇದನ್ನು ಅಪ್ಪನಿಗೆ ತಿಳಿಸೋಣವೆಂದು ತಿರುಗಿ ಹೋದೆ. ಅವನು ಬೀದಿಯಲ್ಲಿ ನಿಂತು, ಗುಣವಾದ ಹಲ್ಲಿನಿಂದ ಕಬ್ಬು ಸಿಗಿಯುತ್ತಿದ್ದ.

೩. ಹಲಗೆ

ಕಮಲನಗರದ ಮೇಲಿಂದ ಔರಾದಿಗೆ ಹೋದಾಗ ಅವರ ಮನೆ ಹೊಕ್ಕೆವು. ಹಲಗೆಯ ಮೇಲೆ ಎರಡು ಕುರಿಮರಿ ಮಲಗಿದ್ದವು. ಹುಡುಗಿ ಪಕ್ಕದಲ್ಲಿ ನಿಂತಿದ್ದಳು.

"ಹಲಗಿ ನಿನಗ ಹೇಳಿದ್ದಲ್ಲೇನವ್ವ?"

"ನಾ ಮಲಕೊಂಡ್ರ ಜಾಸ್ತಿ ಆಗ್ತದ್ರಿ. ಅವಕ್ಕಾದ್ರ ಛಲೋ ನಿದ್ದಿ ಬರ್ತದ."

ಮೊದಲ ದಿನವೇ ಕೇಳಬಹುದಾಗಿದ್ದ ಪ್ರಶ್ನೆಯನ್ನು ಸಾಹೇಬರು ಆಗ ಕೇಳಿದರು: ನೋವು ಕಡಿಮೆಯಾಗುವುದು ಯಾವಾಗ?

"ಕುರಿ ಹಿಂದ ನಡೀವಾಗ ಕಮ್ಮಿ ಇರ್ತಿತ್ರಿ."

"ಪೂರಾ ಇಲ್ಲದಂಗ ಆಗಿದ್ದು ಅದ ಏನು?"

ಯೋಚಿಸಿದಳು. "ಒಮ್ಮೆ ಕುರಿ ಜ್ವಾಳದಾಗ ಹೊಕ್ಕಿದ್ವು. ಹೊಲದಂವ ಬಡಿಗಿ ತಗೊಂಡು ಬೆನ್ನ ಹತ್ತಿದ. ಅವಾಗ ಒಂಚೂರೂ ಇರಲಿಲ್ರಿ."

ಸಾಹೇಬರು ಲೇಖನಿ ತೆಗೆದವರು ಹಾಗೇ ನಿಂತರು. "ಮುನ್ಶೀಜಿ, ಇದನ್ನ ದಿನಕ್ಕೆಷ್ಟು ಸಲ ಅಂತ ಬರೀಲಿ?"

೪. ಗುಣ

ಅಂದು ಹೊರಡುವಾಗ ಸಾಹೇಬರು ಅಪ್ಪನಿಗೆ, ಅವಳು ಕುರಿಗಳ ಜೊತೆ ನಡೆಯಲಿ, ತಡೆಯಬೇಡ ಎಂದಿದ್ದರು.

"ಬ್ಯಾನಿ ಇದ್ದಾಕಿಗಿ ಅಡವಿಗಿ ಕಳಸಿದ್ರ ಮಂದಿ ನನಗೇನಂತಾರ್ರಿ?" ಎಂದ ಅವನು ಒಪ್ಪಲಿಲ್ಲ. ತನ್ನ ಹಲ್ಲು ಗುಣಪಡಿಸಿದವನ ಮೇಲೆ ಅವನಿಗೆ ಭಾರೀ ನಂಬಿಕೆ. ಭಾಲ್ಕಿಯವನನ್ನು ಮನೆಗೇ ಕರೆಸಿಕೊಂಡ. ಹುಡುಗಿ ಪೂರ್ತಿ ಗುಣವಾದಳೆಂಬ ಸುದ್ದಿ ದವಾಖಾನೆಗೂ ಬಂತು.

ಮಳೆಗಾಲ ಕಳೆದ ಮೇಲೆ ನಾನೊಬ್ಬನೇ ಔರಾದಿಗೆ ಹೋಗುತ್ತಿದ್ದೆ. ದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು, ಹಿಂದೆ ಅವಳು. ಭುಜಗಳು ಮೊದಲಿನಂತೆಯೇ ಇದ್ದವು.

"ಗುಣ ಆಯ್ತಂತಲ್ಲವ್ವ?"

"ಎಲ್ಲಿದು ತಂದೀರಿ ಮುನ್ಶಿ ಸಾಹೇಬ್ರ. ಹಂಗೇ ಅದ."

"ಮತ್ತ ನಿಮ್ಮಪ್ಪ ಹ್ಯಾಂಗ ಬಿಟ್ಟ?"

"ಬ್ಯಾನಿ ಹೋಯ್ತು ಅಂದಿನ್ರಿ. ಆ ಭಾಲ್ಕಿ ಮಾಮಾ ನಮ್ಮ ಮನ್ಯಾಗೇ ಠಿಕಾಣಿ ಹೂಡಿದ್ದ. ಮುಂಜಾನಿ ಒಂದ ಕಿವಿ, ಸಂಜಿಗಿ ಒಂದ ಕಿವಿ, ನಡುವ ರೊಟ್ಟಿ. ಹೋಯ್ತು ಅಂದ ಕೂಡ್ಲೆ ಅಪ್ಪಗೂ ಖುಷಿ, ಅಂವಗೂ ಖುಷಿ."

"ನಿನಗ?"

"ನಡಕೋತ ಇದ್ರ ತಾಳ್ಕೊಳ್ಳೋವಷ್ಟ ಇರ್ತದ್ರಿ."

ನಾನು ಸ್ವಲ್ಪ ದೂರ ಅವಳ ಜೊತೆಗೇ ನಡೆದೆ. ಕೊನೆಗೆ, "ಅಂವಗ ಏನ ಕೊಟ್ಟ ಕಳಸಿದ್ರಿ?" ಎಂದು ಕೇಳಿದೆ.

ಅವಳು ಹಿಂಡಿನ ಕಡೆ ನೋಡಿದಳು. "ಟಗರು. ನಾನೇ ಸಾಕಿದ್ದ."

"ಬ್ಯಾನಿ ಹೋಗದೇ ಟಗರು ಕೊಟ್ರ್ಯಾ?"

"ಅದು ಬ್ಯಾನಿ ಹೋಗಲಿಕ್ಕ ಅಲ್ರಿ. ಆ ಮಾಮಾ ಹೋಗಲಿಕ್ಕ."